ಕೊನೆಯ ಸಾಲು ಕಾಣುತ್ತಾ?

ಎಲ್ಲದಕ್ಕೂ ಕಾರಣ ಒಂದು ಲೋಟ ಚಹಾ.

ಕನ್ನಡಕದಂಗಡಿಯವನು ಬೆಳಿಗ್ಗೆ ಬಾಗಿಲು ತೆಗೆದು, ಗಾಜಿನ ಕಪಾಟು ಒರೆಸಿ, ಫ್ರೇಮುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಇನ್ನೇನು ಕೂತು ಒಂದು ಗುಟುಕು ಕುಡಿಯಬೇಕು ಅನ್ನುವಷ್ಟರಲ್ಲಿ ಅವನ ಮೊಣಕೈ ಲೋಟಕ್ಕೆ ತಗಲಿತು. ಮೇಜಿನ ಮೇಲೆ ಹರಿಯಲು ಬೇಕಾದಷ್ಟು ಜಾಗವಿತ್ತು. ಆದರೆ ಚಹಾ ಬೇರೆಲ್ಲೂ ಹೋಗದೆ ನೆಟ್ಟಗೆ ಓದುವ ರಟ್ಟಿನ ಕಡೆಗೇ ಹೋಗಿ ಅದನ್ನು ತೋಯಿಸಿಬಿಟ್ಟಿತು.

ಓದುವ ರಟ್ಟು ಅಂದರೆ ಹತ್ತಿರದ ದೃಷ್ಟಿ ಪರೀಕ್ಷಿಸುವಾಗ ಗಿರಾಕಿಯ ಕೈಗೆ ಕೊಡುವಂಥದ್ದು. ಮೇಲೆ ದಪ್ಪಕ್ಷರ, ಕೆಳಗಿಳಿದ ಹಾಗೆ ಸಣ್ಣಕ್ಷರ, ಕಟ್ಟಕಡೆಗೆ ಇರುವೆ ಸಾಲು. ಇವನ ರಟ್ಟು ಅಪ್ಪನ ಕಾಲದ್ದು. ಅದರಲ್ಲಿ ಹಲ್ಲುಜ್ಜುವ ಸರಿಯಾದ ಕ್ರಮವನ್ನು ವಿವರಿಸಿತ್ತು. ಬೀದಿಯ ಅರ್ಧ ಜನಕ್ಕೆ ಅದು ಬಾಯಿಪಾಠವಾಗಿ, ಕಣ್ಣು ಕಾಣದವರೂ ಕೊನೆಯ ಸಾಲಿನ ತನಕ ತಡವರಿಸದೆ ಓದುತ್ತಿದ್ದರು. ಪರೀಕ್ಷೆಗೆ ಅದರಿಂದ ಉಪಯೋಗ ಅಷ್ಟಕ್ಕಷ್ಟೇ ಅಂತ ಅವನಿಗೂ ಗೊತ್ತಿತ್ತು. ಆದರೂ ಅಂಗಡಿಗೆ ಒಂದು ರಟ್ಟು ಬೇಕಲ್ಲ.

"ಹೊಸದು ತರಿಸೋಕೆ ಏನಿಲ್ಲ ಅಂದ್ರೂ ಒಂದು ವಾರ," ಅಂದಳು ಹೆಂಡತಿ, ಉಬ್ಬಿದ ರಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು. ಅಂಗಡಿಯ ಬಿಲ್ಲು, ಅಳತೆ, ಬಾಕಿ ವಸೂಲಿ ಎಲ್ಲ ಅವಳದೇ. "ಅಲ್ಲೀ ತನಕ ಏನು ಓದಿಸ್ತೀರಿ? ನಿಮ್ಮ ಮುಖಾನಾ?"

ಅವನು ಮೇಜು ಒರೆಸುತ್ತಿದ್ದ. ಅವಳು ಅವನ ಚೀಲಕ್ಕೆ ಕೈಹಾಕಿ ಹುಡುಕಿದಳು. ಮದುವೆಯಾದ ದಿನದಿಂದ ಆ ಚೀಲದಲ್ಲಿ ಅವನಿಗಿಂತ ಹೆಚ್ಚು ಓಡಾಡಿರುವುದು ಅವಳ ಕೈಯೇ. ಹೊಳೆಯುವ ಕಾಗದವೊಂದು ಸಿಕ್ಕಿತು.

"ಇದೇನ್ರೀ ಬ್ಯಾಂಕಿಂದು? ನೋಡಿ, ಮೇಲೆ ದಪ್ಪಕ್ಷರ, ಬರ್ತಾ ಬರ್ತಾ ಸಣ್ಣಕ್ಷರ, ಕೊನೇಲಿ ಕಣ್ಣಿಗೇ ಕಾಣಲ್ಲ. ನಮಗೇ ಅಂತ ಹೇಳಿ ಮಾಡಿಸಿದ ಹಾಗಿದೆ."

ಕನ್ನಡಕದವನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಬೇಡ ಅನ್ನಬೇಕಾದರೆ ಯಾಕೆ ಬೇಡ ಅಂತ ಹೇಳಬೇಕಾಗುತ್ತಿತ್ತು. ಅವಳು ಅಷ್ಟರಲ್ಲಿ ಕರಪತ್ರವನ್ನು ಒಂದು ರಟ್ಟಿಗೆ ಅಂಟಿಸಿಯೇ ಬಿಟ್ಟಳು.

ಆ ಕರಪತ್ರದ ಕತೆ ಹೀಗೆ. ಕನ್ನಡಕದವನಿಗೆ ಒಬ್ಬಳು ಅಕ್ಕ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದು, ತಮ್ಮನನ್ನು ಓದಿಸಿ, ಅಂಗಡಿಯ ಕಪಾಟಿಗೂ ತಾನೇ ದುಡ್ಡು ಕೊಟ್ಟವಳು. ನಿವೃತ್ತಿಯಾದಾಗ ಬಂದ ಇಡುಗಂಟನ್ನು ಅವಳು ಇವನ ಕೈಗಿತ್ತಿದ್ದಳು. ಖಾತೆ ಇಬ್ಬರ ಹೆಸರಲ್ಲಿ, ಓಡಾಟ ಮಾತ್ರ ಇವನದು.

"ಡೆಪಾಸಿಟ್‌ನಲ್ಲಿ ಹಾಕ್ಬಿಡೋ," ಅಂದಿದ್ದಳು. "ತಿಂಗಳಾದ್ರೆ ಬಡ್ಡಿ ಬರ್ಬೇಕು, ತಲೆನೋವು ಬರ್ಬಾರ್ದು. ನಂಗೆ ಅಷ್ಟೇ ಸಾಕು."

ಇವನು ಡೆಪಾಸಿಟ್ ಮಾಡಲೆಂದೇ ಬ್ಯಾಂಕಿಗೆ ಹೋದ. ಅಲ್ಲಿ ಟೈ ಕಟ್ಟಿಕೊಂಡ ಆಫೀಸರೊಬ್ಬ "ಡೆಪಾಸಿಟ್ಟಾ ಸರ್?" ಅಂತ ಕೇಳಿದ. ಆ ಕೇಳುವ ಧಾಟಿಯಲ್ಲೇ ಇವನಿಗೆ ತಾನು ಹರಿದ ಅಂಗಿ ಹಾಕಿಕೊಂಡು ಮದುವೆ ಮನೆಗೆ ಬಂದಂತೆ ಅನ್ನಿಸಿತು. ಆಫೀಸರು ಬಣ್ಣಬಣ್ಣದ ಗೆರೆಗಳಿದ್ದ ಈ ಕರಪತ್ರ ತೆಗೆದ.

"ಸುವರ್ಣ ಸೋಪಾನ ಅಂತ ಸರ್. ಮೂರು ಷೇರುಪೇಟೆ ಇದೆ ಅಂತಿಟ್ಕೊಳ್ಳಿ. ಮೂರರಲ್ಲಿ ಯಾವುದು ಎಲ್ಲಕ್ಕಿಂತ ಹಿಂದೆ ಬೀಳುತ್ತೋ ಅದನ್ನ ಮಾತ್ರ ನಾವು ನೋಡೋದು. ಅದು ಈ ಕೆಂಪು ಗೆರೆಗಿಂತ ಕೆಳಗೆ ಹೋಗದಿದ್ರೆ ಡೆಪಾಸಿಟ್‌ನ ದುಪ್ಪಟ್ಟು ಬಡ್ಡಿ. ಈ ಹಸಿರು ಗೆರೆ ದಾಟಿದ್ರೆ ಯೋಜನೆ ತಾನಾಗೇ ಮುಗಿಯುತ್ತೆ. ಮಧ್ಯದಲ್ಲಿದ್ರೆ ಮುಂದಿನ ಪರಿಶೀಲನೆ ದಿನಕ್ಕೆ ಕಾಯೋದು. ಅರ್ಥವಾಯ್ತಲ್ವಾ ಸರ್?"

ಕೆಂಪು ಗೆರೆಗಿಂತ ಕೆಳಗೆ ಹೋದರೆ ಏನು ಅನ್ನುವುದು ಆಫೀಸರನ ಅಂಗೈಯಡಿ ಇತ್ತು.

ಕನ್ನಡಕದವನಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಆದರೆ ಅವನು ತನ್ನ ಅಂಗಡಿಯ ಕುರ್ಚಿಯಲ್ಲಿ ಕೂರುವ ಗಿರಾಕಿಗಳನ್ನು ಇಪ್ಪತ್ತು ವರ್ಷದಿಂದ ನೋಡಿದ್ದ. "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಅಂತ ನಾಲ್ಕು ಸಲ ಗಾಜು ಬದಲಿಸಿದರೆ ಸಾಕು, ಐದನೆಯದಕ್ಕೆ ಎಂಥವರೂ "ಇದೇ ಚೆನ್ನಾಗಿದೆ" ಅಂದುಬಿಡುತ್ತಾರೆ. ಕಂಡಿದ್ದಕ್ಕಲ್ಲ, ಎದ್ದು ಹೋದರೆ ಸಾಕಾಗಿರುವುದಕ್ಕೆ. ಆ ದಿನ ಬ್ಯಾಂಕಿನ ಕುರ್ಚಿಯಲ್ಲಿ ಅವನೂ ಅದನ್ನೇ ಅಂದ. "ಚೆನ್ನಾಗಿದೆ" ಅಂದು, ಅಕ್ಕನ ಇಡುಗಂಟನ್ನೆಲ್ಲ ಸುವರ್ಣ ಸೋಪಾನಕ್ಕೆ ಹಾಕಿ, ಸಹಿ ಮಾಡಿ ಬಂದ. ಮನೆಯಲ್ಲಿ ಡೆಪಾಸಿಟ್ ಆಯಿತು ಅಂತ ಹೇಳಿದ. ಇದು ಎರಡು ವಾರದ ಹಿಂದಿನ ಮಾತು.

ಈಗ ಆ ಕರಪತ್ರ ರಟ್ಟಿನ ಮೇಲೆ ಒಣಗುತ್ತಿತ್ತು.

ಮೊದಲ ಗಿರಾಕಿಯಾಗಿ ನಿವೃತ್ತ ಹೆಡ್ಮೇಷ್ಟ್ರು ಬಂದರು. ಮೊಸರಲ್ಲಿ ಕಲ್ಲು ಹುಡುಕುವ ಜಾತಿ. ಕನ್ನಡಕದವನು ಪರೀಕ್ಷೆಯ ಫ್ರೇಮನ್ನು ಅವರ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಇಳಿಸಿದ. ಹೆಂಡತಿ ಹೊಸ ರಟ್ಟು ಅವರ ಕೈಗಿಟ್ಟಳು.

"ಹಲ್ಲುಜ್ಜೋದು ಎಲ್ಲಿ ಹೋಯ್ತು?" ಅಂದರು ಮೇಷ್ಟ್ರು.

"ಇವತ್ತು ಹೊಸ ಪಾಠ ಮೇಷ್ಟ್ರೇ. ಮೇಲಿಂದ ಓದಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಓದುವ ಹಾಗೆ ಓದತೊಡಗಿದರು. "ಸುವರ್ಣ ಸೋಪಾನ. ನಿಮ್ಮ ಉಳಿತಾಯಕ್ಕೆ ದುಪ್ಪಟ್ಟು ಫಲ." ಗಾಜು ಬದಲಾಯಿತು. "ಹಸಿರು ರೇಖೆ ದಾಟಿದಲ್ಲಿ ಯೋಜನೆ ತಾನಾಗಿ ಮುಕ್ತಾಯ." ಇನ್ನೊಂದು ಗಾಜು ಬಂತು. ಮೇಷ್ಟ್ರು ರಟ್ಟನ್ನು ಸ್ವಲ್ಪ ದೂರ ಹಿಡಿದರು.

"ಕೊನೆಯ ಸಾಲು ಕಾಣುತ್ತಾ?" ಅಂತ ಕನ್ನಡಕದವನು ಅಭ್ಯಾಸಬಲದಿಂದ ಕೇಳಿದ.

"ಕಾಣದೆ ಏನು. 'ಅತಿ ಹಿಂದುಳಿದ ಪೇಟೆಯು ಕೆಂಪು ರೇಖೆಯಿಂದ ಕೆಳಗಿಳಿದಲ್ಲಿ, ಹೂಡಿದ ಅಸಲು ಭಾಗಶಃ ಅಥವಾ ಪೂರ್ತಿಯಾಗಿ ನಷ್ಟವಾಗಬಹುದು. ಸಹಿ ಮಾಡಿದ ಹದಿನೈದು ದಿನಗಳೊಳಗೆ ಮಾತ್ರ ಶುಲ್ಕ ತೆತ್ತು ಹಿಂಪಡೆಯಬಹುದು.'"

ಕನ್ನಡಕದವನ ಕೈಯಲ್ಲಿದ್ದ ಗಾಜು ಮೇಷ್ಟ್ರ ಮಡಿಲಿಗೆ ಬಿತ್ತು. ಬೆರಳು ಮಡಿಚಿ ಎಣಿಸಿದ. ಒಮ್ಮೆ ಎಡಗೈಯಲ್ಲಿ, ಒಮ್ಮೆ ಬಲಗೈಯಲ್ಲಿ. ಎರಡು ಕೈಯೂ ಒಂದೇ ಮಾತು ಹೇಳಿದವು. ಹದಿನೈದನೆಯ ದಿನ ಇವತ್ತೇ.

ಬೀದಿಗೆಲ್ಲ ಕಣ್ಣು ಕೊಟ್ಟವನಿಗೆ ತನ್ನ ಚೀಲದಲ್ಲಿದ್ದ ಕಾಗದ ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಅಕ್ಕನ ರಾತ್ರಿ ಪಾಳಿಗಳು, ಊದಿದ ಕಾಲುಗಳು, ಎಲ್ಲ ಒಟ್ಟಿಗೆ ನೆನಪಾದವು.

ಹೆಂಡತಿ ಫ್ರೇಮು ತರಲು ಒಳಕ್ಕೆ ಹೋಗಿದ್ದೇ ತಡ, ಮೇಷ್ಟ್ರು ದನಿ ತಗ್ಗಿಸಿದರು. "ನೀನು ಇದಕ್ಕೆ ಹಾಕಿದ್ದೀಯಾ?"

"ಹೂಂ ಮೇಷ್ಟ್ರೇ. ಅಂದ್ರೆ... ಇದು ನಿಮಗೆ ಅರ್ಥವಾಯ್ತಾ?"

ಮೇಷ್ಟ್ರು ಅವನನ್ನು ಪರೀಕ್ಷೆಯ ಫ್ರೇಮಿನ ಮೇಲಿಂದ ನೋಡಿದರು. ನಲವತ್ತು ವರ್ಷ ಪಾಠ ಹೇಳಿದವರು ಕನ್ನಡಕದಂಗಡಿಯಲ್ಲಿ ಕೂತು ಅರ್ಥವಾಗಲಿಲ್ಲ ಅನ್ನಲು ಸಾಧ್ಯವೇ? "ಏನಯ್ಯಾ ಅರ್ಥವಾಗದೆ? ಒಂದೇ ಸಾಲಿನ ಡೆಪಾಸಿಟ್ಟು ಯಾರು ಬೇಕಾದ್ರೂ ಇಡ್ತಾರೆ. ಇಷ್ಟು ಷರತ್ತು ಬರೆಯೋಕೆ ತಲೆ ಬೇಕು. ಬುದ್ಧಿವಂತರಿಗೆ ಅಂತಲೇ ಮಾಡಿದ್ದಾರೆ." ಎದ್ದು ಕೊಡೆ ತೆಗೆದುಕೊಂಡರು. "ಫ್ರೇಮು ಸಂಜೆ ನೋಡ್ತೀನಿ. ಬ್ಯಾಂಕು ತೆಗೆದಿರ್ಬೇಕಲ್ಲ ಈಗ?"

ಅವರ ಬೆನ್ನಿಗೇ ಬೇಕರಿಯವನು ಬಂದ. ಅವನ ದೃಷ್ಟಿ ಎಷ್ಟು ಮಂದ ಅಂದರೆ ಬನ್ನಿಗೂ ಬ್ರೆಡ್ಡಿಗೂ ಮುಟ್ಟಿ ನೋಡಿಯೇ ವ್ಯತ್ಯಾಸ ಹೇಳುತ್ತಿದ್ದ. ಗಾಜು ಹಾಕುವ ಮುಂಚೆಯೇ ರಟ್ಟು ಹಿಡಿದು, "ದುಪ್ಪಟ್ಟು ಫಲ," ಅಂತ ಮೊದಲೆರಡು ಸಾಲು ಓದಿದ. ಕೆಳಗಿನದು ಅವನ ಪಾಲಿಗೆ ಬರೀ ಕಪ್ಪು ಗೆರೆ.

"ಅಣ್ಣಾ, ಇದು ನಿಜವಾ?"

"ಕೂತ್ಕೋ. ಗಾಜು ಹಾಕ್ತೀನಿ, ಪೂರ್ತಿ ಓದು."

"ಪೂರ್ತಿ ನೀವು ಓದಿದ್ದೀರಲ್ಲ. ನಿಮ್ಮ ಹತ್ರ ಇರೋಷ್ಟು ಗಾಜು ಇನ್ಯಾರ ಹತ್ರ ಇದೆ? ನೀವೇ ಅಂಗಡೀಲಿ ಅಂಟಿಸ್ಕೊಂಡಿದ್ದೀರಿ ಅಂದ್ಮೇಲೆ ನಾನೇನು ನೋಡೋದು." ಕನ್ನಡಕವಿಲ್ಲದೆಯೇ ಎದ್ದು, ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಂಡು, ಬ್ಯಾಂಕಿನ ದಿಕ್ಕಿಗೆ ಹೋದ.

ಟೈಲರಮ್ಮನದು ಇನ್ನೂ ಸ್ವಲ್ಪ ಉತ್ತಮ ದೃಷ್ಟಿ. ನಡುವಿನ ಸಾಲಿನ ತನಕ ಓದಿದಳು. "ತಾನಾಗೇ ಮುಗಿಯುತ್ತಂತೆ. ಇದು ಒಳ್ಳೇದು ಅಣ್ಣ. ಪೋಸ್ಟಾಫೀಸಲ್ಲಿ ಇಟ್ಟಿರೋದಕ್ಕೆ ನಾನೇ ಹೋಗಿ ಸಾಲಲ್ಲಿ ನಿಲ್ಬೇಕು." ಅಷ್ಟು ದಿನ ಪೋಸ್ಟಾಫೀಸಿನ ಉಳಿತಾಯದ ಮೇಲೆ ಅವಳಿಗೆ ಯಾವ ದೂರೂ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಹೊಳೆಯುವುದು ಬಂದು ನಿಂತಾಗ ಇದ್ದದ್ದು ಮಾಸಲಾಗಿ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಯಾರ್ಯಾರ ಕಣ್ಣು ಎಷ್ಟೆಷ್ಟು ನೆಟ್ಟಗಿತ್ತೋ ಅವರವರಿಗೆ ಅಷ್ಟಷ್ಟು ಸುವರ್ಣ ಸೋಪಾನ ಗೊತ್ತಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಗಿರಾಕಿಗಳು ಬರುತ್ತಿದ್ದರು, ಓದುತ್ತಿದ್ದರು, ಕನ್ನಡಕ ಕೊಳ್ಳದೆ ಹೋಗುತ್ತಿದ್ದರು.

ಕನ್ನಡಕದವನು ಮುಳ್ಳಿನ ಮೇಲೆ ಕೂತವನ ಹಾಗೆ ಒದ್ದಾಡುತ್ತಿದ್ದ. ಎರಡು ಸಲ ಚಪ್ಪಲಿ ಮೆಟ್ಟಿದ. ಎರಡು ಸಲವೂ ಯಾರೋ ಬಂದು ಕುರ್ಚಿಯಲ್ಲಿ ಕೂತರು. ಮೂರನೆಯ ಸಲ ಹೆಂಡತಿಯೇ ತಡೆದಳು.

"ಎಲ್ಲಿಗ್ರೀ? ಅಕ್ಕ ಬರ್ತಾರಂತೆ ಇವತ್ತು. ಕಣ್ಣು ತೋರಿಸ್ಬೇಕಂತೆ. ಡೆಪಾಸಿಟ್ ರಸೀದಿನೂ ನೋಡ್ಬೇಕಂತೆ, ಫೋನ್ ಮಾಡಿದ್ರು."

"ಯಾವಾಗ?"

"ಸಂಜೆ ಒಳಗೆ."

"ಚಿಲ್ಲರೆ ತರ್ತೀನಿ ಬ್ಯಾಂಕಿಂದ," ಅಂದವನೇ ಹೊರಬಿದ್ದ. ಎಡಗಾಲಿಗೆ ತನ್ನ ಚಪ್ಪಲಿ, ಬಲಗಾಲಿಗೆ ಹೆಂಡತಿಯದು ಹಾಕಿಕೊಂಡಿದ್ದೇನೆ ಅಂತ ಗೊತ್ತಾಗಿದ್ದು ಬ್ಯಾಂಕಿನ ಮೆಟ್ಟಿಲಿನ ಮೇಲೆ.

ಒಳಗೆ ಅವನದೇ ಬೀದಿ. ಟೈ ಆಫೀಸರನ ಮೇಜಿನ ಮುಂದೆ, ಬೆಳಗಿನಿಂದ ಅರ್ಜಿಯ ಒಂದೊಂದೇ ಸಾಲು ತುಂಬುತ್ತಿದ್ದ ಮೇಷ್ಟ್ರು, ಅವರ ಹಿಂದೆ ಬೇಕರಿಯವನು, ಟೈಲರಮ್ಮ, ಇನ್ನೂ ಐದಾರು ಪರಿಚಿತ ಬೆನ್ನುಗಳು. ಇವನನ್ನು ಕಂಡದ್ದೇ ಸಾಲು ಒಂದು ಹೆಜ್ಜೆ ಸರಿದು ದಾರಿ ಬಿಟ್ಟಿತು.

"ಬನ್ನಿ ಅಣ್ಣ. ಇನ್ನೂ ಹಾಕೋಕೆ ಬಂದ್ರಾ?" ಅಂದ ಬೇಕರಿಯವನು. "ನಾನು ಹೊಸ ಓವನ್ನಿಗೆ ಅಂತ ಇಟ್ಟಿದ್ದ ಡೆಪಾಸಿಟ್ಟು ಮುರಿಸ್ತಾ ಇದ್ದೀನಿ. ಅರ್ಧ ಮಾತ್ರ. ನಿಮ್ಮಂಗಡೀಲಿ ಓದಿದ ಮೇಲೆ ಡೆಪಾಸಿಟ್ಟು ಅಂದ್ರೆ ಉಪ್ಪಿಲ್ಲದ ಅಡುಗೆ ಅನ್ಸಿಬಿಡ್ತು."

ನಾನು ತೆಗೆಯೋಕೆ ಬಂದೆ ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಾಕೆ ತೆಗೀತೀರಿ ಅಂತ ಕೇಳುತ್ತಾರೆ. ಅರ್ಥವಾಗಲಿಲ್ಲ ಅನ್ನಬೇಕು. ಹಾಗಾದರೆ ಯಾಕೆ ಹಾಕಿದಿರಿ ಅಂತ ಕೇಳುತ್ತಾರೆ. ಅದೂ ಮೇಷ್ಟ್ರ ಎದುರು. "ಹೂಂ, ಸ್ವಲ್ಪ ಕೆಲಸ ಇತ್ತು," ಅಂದ. ಹಾಗೆ ಅಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಆಫೀಸರು ಎದ್ದು ಬಂದು ಕೈ ಹಿಡಿದುಕೊಂಡ. "ಸರ್, ಎಲ್ಲ ನಿಮ್ಮ ಹೆಸರು ಹೇಳ್ತಾ ಇದ್ದಾರೆ. ನಾನು ತಿಂಗಳಿಡೀ ವಿವರಿಸಿದ್ರೂ ಇಬ್ಬರು ಬಂದಿರ್ಲಿಲ್ಲ. ನೀವು ಏನು ಹೇಳಿದ್ರಿ ಇವರಿಗೆ?"

"ಏನೂ ಹೇಳಿಲ್ಲ. ಓದಿಸಿದೆ ಅಷ್ಟೇ." ಕನ್ನಡಕದವನು ಅವನ ಕಿವಿಯ ಹತ್ತಿರ ಬಾಗಿದ. "ನನ್ನದು ರದ್ದು ಮಾಡಿ."

ಆಫೀಸರನ ನಗು ಮುಖದಲ್ಲೇ ಇತ್ತು, ಅದರ ಹಿಂದಿನ ಜೀವ ಮಾತ್ರ ಹೋಯಿತು. "ಮೆಲ್ಲಗೆ ಸರ್. ಇಲ್ಲಿ ಬೇಡ. ಒಳಗೆ ಬನ್ನಿ." ಅವನನ್ನು ಮ್ಯಾನೇಜರರ ಖಾಲಿ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಪರದೆಯನ್ನೂ ಎಳೆದ.

ಹೊರಗಿನ ಸಾಲು ಆ ಪರದೆಯನ್ನು ನೋಡಿತು.

"ಒಳಕ್ಕೇ ಕರ್ಕೊಂಡು ಹೋದ್ರು," ಅಂದಳು ಟೈಲರಮ್ಮ.

"ದೊಡ್ಡ ಮೊತ್ತಕ್ಕೆ ಹಾಗೇ," ಅಂದರು ಮೇಷ್ಟ್ರು.

ಬೇಕರಿಯವನು ಒಂದು ಕ್ಷಣ ಯೋಚಿಸಿದ. "ಹಾಗಾದ್ರೆ ಅರ್ಧ ಬೇಡ. ಪೂರ್ತಿನೇ ಹಾಕ್ತೀನಿ."

ಕೋಣೆಯೊಳಗೆ ಆಫೀಸರು ಕುರ್ಚಿಯ ತುದಿಯಲ್ಲಿ ಕೂತು, "ಇನ್ನೊಂದ್ಸಲ ವಿವರಿಸ್ತೀನಿ ಸರ್," ಅಂದ.

"ಬೇಡಪ್ಪ. ನಂಗೆ ಅರ್ಥವಾಗಿಲ್ಲ." ಆ ಮಾತು ಹೊರಬಂದದ್ದೇ ಕನ್ನಡಕದವನಿಗೆ ಎದೆ ಹಗುರಾಯಿತು. ಇಷ್ಟು ಸುಲಭವೇ ಅಂತ ಆಶ್ಚರ್ಯವೂ ಆಯಿತು. ಆ ಧೈರ್ಯದಲ್ಲೇ ಇನ್ನೊಂದು ಕೇಳಿದ. "ಒಂದು ಮಾತು. ನಿಮ್ಮ ದುಡ್ಡು ನೀವು ಎಲ್ಲಿಟ್ಟಿದ್ದೀರಿ?"

"ನಂದಾ ಸರ್? ಅದು ನಮ್ಮಮ್ಮ ನೋಡ್ಕೋತಾರೆ. ಎಲ್ಲ ಡೆಪಾಸಿಟ್‌ನಲ್ಲೇ." ಆಫೀಸರನ ದನಿಯಲ್ಲಿ ನಿಜವಾದ ಬೇಸರವಿತ್ತು. "ಎಷ್ಟು ಸಲ ಹೇಳಿದ್ರೂ ಅಮ್ಮಂಗೆ ಇದು ಅರ್ಥವಾಗಲ್ಲ ಸರ್."

"ನಿಮಗೆ ಅರ್ಥವಾಗುತ್ತಾ?"

ಆಫೀಸರು ಟೈ ಸರಿಮಾಡಿಕೊಂಡ. "ಟ್ರೈನಿಂಗಲ್ಲಿ ಅರ್ಥವಾಗಿತ್ತು ಸರ್."

ಆಮೇಲೆ ಆಫೀಸರು ಕಂಪ್ಯೂಟರಿನ ಮುಂದೆ ಕೂತು ರದ್ದು ಮಾಡಲು ತೊಡಗಿದ. ರದ್ದತಿ ಶುಲ್ಕ ಅಂತ ಕೇಳಿದ ಮೊತ್ತ ಕನ್ನಡಕದಂಗಡಿಯ ಅರ್ಧ ತಿಂಗಳ ಸಂಪಾದನೆಯಷ್ಟಿತ್ತು. ಅಕ್ಕನ ದುಡ್ಡನ್ನು ಮುಟ್ಟದೆ ತನ್ನ ಖಾತೆಯಿಂದಲೇ ಕೊಟ್ಟ. ಕೊಡುವಾಗ ನೋವಾಯಿತು, ಆದರೆ ಹಲ್ಲು ಕಿತ್ತ ಮೇಲಿನ ನೋವಿನ ಹಾಗೆ ಅದರಲ್ಲೊಂದು ಸಮಾಧಾನವಿತ್ತು. ಇಡುಗಂಟು ಪೂರ್ತಿಯಾಗಿ ಸಾದಾ ಡೆಪಾಸಿಟ್ಟಿಗೆ ಹೋಯಿತು. ರಸೀದಿ ಕೈಗೆ ಬಂತು. ಇಷ್ಟು ದುಡ್ಡು, ಇಷ್ಟು ಬಡ್ಡಿ, ಇಂಥ ತಾರೀಕು. ಎಲ್ಲ ಅಕ್ಷರವೂ ಒಂದೇ ಗಾತ್ರ. ಅವನಿಗೆ ಆ ಕಾಗದವನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

ಹೊರಗೆ ಬಂದಾಗ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಮುಖದಲ್ಲಿ ಸಂತೋಷವಿತ್ತು. ಅದೇ ಎಡವಟ್ಟಾಯಿತು.

ತನ್ನದು ಉಳಿಯಿತು, ಇವರದ್ದು ಹೋಗುತ್ತದಲ್ಲ ಅಂತ ಅವನ ಕರುಳು ಚುರುಕ್ ಅಂದಿತು. ಈ ಸಲ ನಾಚಿಕೆಯನ್ನು ನುಂಗಿಕೊಂಡ. ಟೈಲರಮ್ಮನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆಯೇ ಹೇಳಿದ. "ಬೇಡಮ್ಮ ಇದು. ನಂಗೆ ಅರ್ಥವಾಗದೇ ಹಾಕಿದ್ದೆ. ಈಗ ಎಲ್ಲ ತೆಗೆದುಬಿಟ್ಟೆ. ಅಸಲೇ ಹೋಗಬಹುದು ಅಂತ ಕೊನೇ ಸಾಲಲ್ಲಿದೆ."

ಸಾಲು ಅವನನ್ನು ನೋಡಿತು. ಆಮೇಲೆ ಮುಚ್ಚಿದ ಪರದೆಯನ್ನು ನೋಡಿತು. ಟೈಲರಮ್ಮ ನಿಧಾನವಾಗಿ ಕೇಳಿದಳು. "ಅಂದ್ರೆ, ನಿಮ್ಮ ಜಾಗ ಒಂದು ಖಾಲಿ ಆಯ್ತಾ ಅಣ್ಣ?"

"ಜಾಗ ಅಲ್ಲಮ್ಮ, ಹೀಗೆ ಕೇಳು..."

"ಬಿಡಮ್ಮ, ತಮಾಷೆ ಮಾಡ್ತಾನೆ," ಅಂದರು ಮೇಷ್ಟ್ರು. "ಒಳಗೆ ಹೋಗಿ ಇನ್ನಷ್ಟು ಹಾಕಿ ಬಂದು, ನಮಗೆ ಬೇಡ ಅಂತಿದ್ದಾನೆ. ಎಲ್ಲರೂ ಹಾಕಿದ್ರೆ ಪಾಲು ಕಮ್ಮಿ ಆಗುತ್ತೆ ಅಂತ ಹೆದರಿಕೆ. ಅರ್ಥವಾಗದೆ ಹಾಕಿದ್ನಂತೆ. ಇವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಾ?"

ಎಲ್ಲರೂ ನಕ್ಕರು. ಬೇಕರಿಯವನು ಅವನ ಬೆನ್ನು ತಟ್ಟಿ, "ಒಳ್ಳೇ ಜನ ಬಿಡಿ ನೀವು," ಅಂದ. ಸುಳ್ಳು ಹೇಳಿದಾಗ ನಂಬಿದ್ದವರು, ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ಕನ್ನಡಕದವನು ಎರಡು ಬಗೆಯ ಚಪ್ಪಲಿಯಲ್ಲಿ ಮೆಟ್ಟಿಲಿಳಿದ. ಆ ಚಪ್ಪಲಿ ಯಾರ ಕಣ್ಣಿಗೂ ಬೀಳದಿರಲಿ ಅಂತ ನೇರ ದಾರಿ ಬಿಟ್ಟು, ಹಿಂದಿನ ಓಣಿಗಳನ್ನೆಲ್ಲ ಸುತ್ತಿಕೊಂಡು ನಿಧಾನಕ್ಕೆ ನಡೆದ.

ದಾರಿಯುದ್ದಕ್ಕೂ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವರ ಹಣೆಬರಹ. ಹೇಳುವುದನ್ನು ಹೇಳಿಯಾಯಿತು. ಅಕ್ಕನ ದುಡ್ಡು ಉಳಿಯಿತಲ್ಲ, ಅಷ್ಟು ಸಾಕು. ಅವಳು ರಸೀದಿ ಕೇಳುತ್ತಾಳೆ, ಇವನು ಕೊಡುತ್ತಾನೆ, ಅವಳು ಚೀಲಕ್ಕೆ ಹಾಕಿಕೊಂಡು "ಜಾಣ" ಅನ್ನುತ್ತಾಳೆ. ಆಮೇಲೆ ಒಂದು ಲೋಟ ಚಹಾ. ಬೆಳಿಗ್ಗೆ ಕುಡಿಯದೇ ಹೋದದ್ದು.

ಅಂಗಡಿಯಲ್ಲಿ ಅಕ್ಕ ಆಗಲೇ ಕುರ್ಚಿಯಲ್ಲಿ ಕೂತಿದ್ದಳು. ಮೂಗಿನ ಮೇಲೆ ಪರೀಕ್ಷೆಯ ಫ್ರೇಮು, ಕೈಯಲ್ಲಿ ಅದೇ ರಟ್ಟು. ಹೆಂಡತಿ ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಹಿಡಿದು ನಿಂತಿದ್ದಳು.

"ಬಂದ್ಯಾ," ಅಂದಳು ಅಕ್ಕ. "ಒಂದು ಕಾಲಿಗೆ ಹೆಂಗಸರ ಚಪ್ಪಲಿ ಯಾಕೋ?"

"ಅವಸರದಲ್ಲಿ ಅಕ್ಕ. ತಗೋ, ನಿನ್ನ ಡೆಪಾಸಿಟ್ ರಸೀದಿ."

ಮೂವತ್ತು ವರ್ಷ ಔಷಧಿ ಬಾಟಲಿ ಹಿಡಿದ ಕೈ. ಯಾವ ಕಾಗದ ಕೊಟ್ಟರೂ ಮೊದಲು ನೋಡುವುದು ತಾರೀಕು. ಅಕ್ಕ ರಸೀದಿಯನ್ನು ಬೆಳಕಿಗೆ ಹಿಡಿದಳು. "ಇವತ್ತಿನ ತಾರೀಕು ಇದೆಯಲ್ಲೋ. ನಾನು ದುಡ್ಡು ಕೊಟ್ಟು ಎಷ್ಟು ದಿನ ಆಯ್ತು?"

ಕನ್ನಡಕದವನು ಹೆಂಡತಿಯ ಕಡೆ ನೋಡಿದ. ಅವಳು ಅವನ ಕಾಲಿನ ಕಡೆ ನೋಡುತ್ತಿದ್ದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬ್ಯಾಂಕಿನಲ್ಲಿ ಒಮ್ಮೆ ಹೇಳಿ ಅಭ್ಯಾಸವೂ ಆಗಿತ್ತು. ಎಲ್ಲ ಹೇಳಿದ. ಆಫೀಸರು, ಗೆರೆಗಳು, ಅಂಗೈ, ಸಹಿ, ಇವತ್ತಿನ ಓಟ, ತೆತ್ತ ಶುಲ್ಕ, ಒಂದನ್ನೂ ಬಿಡಲಿಲ್ಲ. ಶುಲ್ಕದ ಮಾತು ಬಂದಾಗ ಹೆಂಡತಿ ಗಾಜಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟಳು.

"ತಪ್ಪಾಯ್ತು ಅಕ್ಕ. ಬೈಯೋದಿದ್ರೆ ಬೈದ್ಬಿಡು."

ಅಕ್ಕ ಬೈಯಲಿಲ್ಲ. ರಸೀದಿಯನ್ನೂ ರಟ್ಟನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದಳು. "ಅಂದ್ರೆ, ನನ್ನ ದುಡ್ಡು ಇದರಲ್ಲಿತ್ತು."

"ಹೂಂ."

"ಇವತ್ತು ತೆಗೆದೆ."

"ಹೂಂ. ಪೂರ್ತಿ."

"ಬರ್ತಾ ದಾರೀಲಿ ಟೈಲರಮ್ಮ ಸಿಕ್ಕಿದ್ಲು, ಬ್ಯಾಂಕಿಂದ ಬರ್ತಾ ಇದ್ಲು. ಬೇಕರಿಯವನೂ ಸಿಕ್ಕಿದ. ನಿಮ್ಮ ತಮ್ಮ ದಾರಿ ತೋರಿಸಿದ್ರು ಅಂತ ಕೈ ಮುಗಿದ. ಬೀದಿಗೆಲ್ಲ ಇದನ್ನ ಓದಿಸಿ ಕಳಿಸಿದ್ದೀಯ. ಸ್ವಂತ ಅಕ್ಕನ ದುಡ್ಡು ಮಾತ್ರ ತೆಗೆದು ಆ ಸಪ್ಪೆ ಡೆಪಾಸಿಟ್ಟಿಗೆ ಹಾಕಿದ್ದೀಯ." ಅವಳ ದನಿ ಏರಲಿಲ್ಲ, ಅದೇ ಹೆಚ್ಚು ನಾಟಿತು. "ಊರಿಗೆ ಉಪಕಾರಿ, ಮನೆಗೆ ಮಾರಿ. ನಿನ್ನನ್ನ ನಾನು ಓದಿಸಿದ್ದು ಇದಕ್ಕೇನೋ?"

ಹಾಕಿದ್ದಕ್ಕೆ ಬೈಗುಳ ಕಾದು ಕೂತಿದ್ದವನಿಗೆ ತೆಗೆದಿದ್ದಕ್ಕೆ ಬಿದ್ದಿತ್ತು. ಆದರೆ ಅವನು ಕಸುಬುದಾರ. ಫ್ರೇಮಿನಲ್ಲಿದ್ದ ಗಾಜಿನ ಕಡೆ ನೋಡಿದ್ದೇ ಅವನಿಗೆ ವಿಷಯ ಹೊಳೆಯಿತು.

"ಅಕ್ಕಾ, ಈ ಗಾಜಲ್ಲಿ ನಿಂಗೆ ಎಲ್ಲೀ ತನಕ ಕಾಣುತ್ತೆ?"

"ತಾನಾಗಿ ಮುಕ್ತಾಯ ಅನ್ನೋ ತನಕ."

"ಅದೇ ಮತ್ತೆ. ಕೆಳಗಿಂದು ನೀನು ಓದೇ ಇಲ್ಲ." ಅವನು ಪೆಟ್ಟಿಗೆಯಿಂದ ಸರಿಯಾದ ಗಾಜುಗಳನ್ನು ಆರಿಸಿ, ಬಟ್ಟೆಯಲ್ಲಿ ಒರೆಸಿ, ಒಂದೊಂದಾಗಿ ಇಳಿಸಿದ. ಇಪ್ಪತ್ತು ವರ್ಷದಲ್ಲಿ ಯಾರಿಗೂ ಇಷ್ಟು ಎಚ್ಚರದಿಂದ ಗಾಜು ಹಾಕಿರಲಿಲ್ಲ. "ಈಗ ನೋಡು. ಕೊನೆಯ ಸಾಲು ಕಾಣುತ್ತಾ?"

ಅಕ್ಕ ರಟ್ಟನ್ನು ಹತ್ತಿರ ತಂದಳು. ಅವಳ ಹುಬ್ಬು ಮೇಲಕ್ಕೆ ಹೋಯಿತು. ಗಾಜು ಸರಿಯಾಗಿ ಕೂತಾಗ ಎಲ್ಲರ ಹುಬ್ಬೂ ಹಾಗೆಯೇ ಹೋಗುತ್ತದೆ. ಒಂದಕ್ಷರ ತಪ್ಪದೆ ಓದಿದಳು. ಹಿಂದುಳಿದ ಪೇಟೆ, ಕೆಂಪು ರೇಖೆ, ಅಸಲು ಭಾಗಶಃ ಅಥವಾ ಪೂರ್ತಿಯಾಗಿ ನಷ್ಟವಾಗಬಹುದು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡಳು.

"ಈಗ ಗೊತ್ತಾಯ್ತಾ?" ಅಂದ ಕನ್ನಡಕದವನು. ಬೆಳಗಿನಿಂದ ಮೊದಲ ಸಲ ಅವನ ಉಸಿರು ಸಲೀಸಾಗಿ ಓಡಾಡಿತು.

"ಗೊತ್ತಾಯ್ತು." ಅಕ್ಕ ಫ್ರೇಮು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಮೂವತ್ತು ವರ್ಷ ಆಸ್ಪತ್ರೇಲಿ ಏನು ಕಲ್ತೆ ಗೊತ್ತಾ? ಆಪರೇಷನ್ ಮುಂಚೆ, 'ಏನೂ ಆಗಲ್ಲ ಬಿಡಿ' ಅಂತ ಬೆನ್ನು ತಟ್ಟೋ ಡಾಕ್ಟರನ್ನ ನಂಬಬಾರ್ದು. ಏನೇನು ಆಗಬಹುದು ಅಂತ ಮೊದಲೇ ಬರೆದು ಕೈಗೆ ಕೊಡ್ತಾರಲ್ಲ, ಅವರು ಒಳ್ಳೇ ಡಾಕ್ಟ್ರು. ಪಾಪ, ಇವರು ನೋಡು. ಎಲ್ಲ ದುಡ್ಡೂ ಹೋಗಬಹುದು ಅಂತ ತಾವೇ ಬರೆದಿದ್ದಾರೆ. ಮೋಸ ಮಾಡೋರು ಹೀಗೆ ಬರೀತಾರಾ? ಎಲ್ಲಿ, ನಿನ್ನ ಡೆಪಾಸಿಟ್ ರಸೀದಿಲಿ ಅಂಥದ್ದೊಂದು ಮಾತು ತೋರಿಸು."

ಕನ್ನಡಕದವನು ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಂಥ ಮಾತು ಎಲ್ಲೂ ಇರಲಿಲ್ಲ.

"ನೋಡಿದ್ಯಾ," ಅಂದಳು ಅಕ್ಕ. "ನಾಳೆ ಬ್ಯಾಂಕು ತೆಗೆಯೋ ಹೊತ್ತಿಗೆ ಬರ್ತೀನಿ. ಇಬ್ಬರೂ ಹೋಗೋಣ. ಈ ಸಲ ನಾನೇ ಸಹಿ ಮಾಡ್ತೀನಿ."

"ಇವತ್ತಿನ ಡೆಪಾಸಿಟ್ ನಾಳೆನೇ ಮುರಿಸಿದ್ರೆ ಅದಕ್ಕೂ ಶುಲ್ಕ ಇರುತ್ತಲ್ವಾ ಅಕ್ಕ?" ಅಂತ ಹೆಂಡತಿ ಕೇಳಿದಳು.

"ಇರುತ್ತೆ. ಅವಸರ ಮಾಡಿದೋರು ಕೊಡ್ತಾರೆ." ಅಕ್ಕ ಎದ್ದು, ಪರೀಕ್ಷೆಯ ಫ್ರೇಮನ್ನು ತಮ್ಮನ ಕೈಗೆ ಕೊಟ್ಟಳು. "ಇದೇ ಗಾಜು ಹಾಕಿಕೊಡು. ತುಂಬ ಚೆನ್ನಾಗಿ ಕಾಣುತ್ತೆ."

ಕನ್ನಡಕದವನು ಗಾಜಿನ ಪವರನ್ನು ಚೀಟಿಯಲ್ಲಿ ಬರೆದುಕೊಂಡ. ಬಿಲ್ಲಿನ ಪುಸ್ತಕವನ್ನು ಹೆಂಡತಿ ತೆಗೆಯಲಿಲ್ಲ. ಅಕ್ಕನ ಹತ್ತಿರ ಕನ್ನಡಕಕ್ಕೆ ದುಡ್ಡು ತೆಗೆದುಕೊಳ್ಳುವ ಪದ್ಧತಿ ಆ ಅಂಗಡಿಯಲ್ಲಿ ಇರಲಿಲ್ಲ.